ಭಾವಮೈದನ ಮದ್ದಿನ ಪುಡಿ

ಮೀರಾ ಮೆಸಾ

ಅಮೆರಿಕದಿಂದ ಬಂದ ಮೇಲೆ ತುಮಕೂರಿನ ಗೆಳೆಯರು ಕೇಳಿದ ಮೊದಲ ಪ್ರಶ್ನೆ, ಹಾಲಿವುಡ್ ನೋಡಿದಿರಾ ಎಂದು. ಇಲ್ಲ. ಸಮುದ್ರ? ನೋಡಿದೆ, ಕಾರಿನ ಕಿಟಕಿಯಿಂದ. ಹಾಗಾದರೆ ಲಾಸ್ ಏಂಜಲೀಸಿಗೆ ಹೋಗಿ ಇನ್ನೇನು ನೋಡಿದಿರಿ ಎಂದರೆ, ಬಂದೂಕಿನ ಮದ್ದು ಮಾರುವ ಅಂಗಡಿ ನೋಡಿದೆ ಎಂದು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಮುದುಕನಿಗೆ ವಿಮಾನದ ನಿದ್ದೆ ಇನ್ನೂ ಇಳಿದಿಲ್ಲ ಎಂದುಕೊಂಡು ಅವರು ಮಾತು ಬದಲಿಸುತ್ತಾರೆ.

ನಾವು ಹೋದದ್ದು ನನ್ನ ಹೆಂಡತಿ ಸರೋಜಾಳ ತಮ್ಮ ನಾಗೇಶನ ಮನೆಗೆ. ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿ ಅವನ ಮನೆ. ಟೆಲಿಕಾಂ ಎಂಜಿನಿಯರು, ಅಲ್ಲಿಯ ಪ್ರಜೆಯಾಗಿ ವರ್ಷಗಳಾದವು. ಆ ತಿಂಗಳು ಅವನ ಹೆಂಡತಿ ಆಫೀಸಿನ ಕೆಲಸಕ್ಕೆಂದು ಬೇರೆ ರಾಜ್ಯಕ್ಕೆ ಹೋಗಿದ್ದಳು. ಇವನು ಚಿಕ್ಕವನಿದ್ದಾಗಲೇ ತಾಯಿ ತೀರಿಕೊಂಡದ್ದರಿಂದ, ಇವನ ತಲೆಗೆ ಎಣ್ಣೆ ಹಚ್ಚಿ, ಮಗ್ಗಿ ಬಾಯಿಪಾಠ ಮಾಡಿಸಿ, ಬೆಳೆಸಿದವಳು ಸರೋಜಾಳೇ. ಐವತ್ತು ದಾಟಿದರೂ ಅವಳ ಕಣ್ಣಿಗೆ ಅವನಿನ್ನೂ ಅನ್ನಕ್ಕೆ ತುಪ್ಪ ಬೇಕೆಂದು ಹಟ ಮಾಡುವ ಹುಡುಗ.

ನಮ್ಮ ಕಡೆ ಐವತ್ತು ದಾಟಿದ ಎಂಜಿನಿಯರುಗಳು ಬೆಳಗಿನ ವಾಕಿಂಗು, ಯೋಗ, ಹೆಚ್ಚೆಂದರೆ ಕೊಳಲು ಹಿಡಿಯುತ್ತಾರೆ. ನಾಗೇಶ ಹಿಡಿದದ್ದು ರಿವಾಲ್ವರು. ಯಾರನ್ನೂ ಹೆದರಿಸುವುದಕ್ಕಲ್ಲ. ಊರಾಚೆಯ ಬೆಟ್ಟದಲ್ಲಿ ಒಂದು ಕ್ಲಬ್ಬಿದೆ, ಅಲ್ಲಿ ಕಾಗದದ ಗುರಿಗೆ ತೂತು ಮಾಡಿ ತೂತುಗಳಿಗೆ ಅಂಕ ಹಾಕಿಕೊಳ್ಳುತ್ತಾರೆ. ಅದಕ್ಕೆ ಬೇಕಾದ ತೋಟಾಗಳನ್ನು ಅವನೇ ಗ್ಯಾರೇಜಿನಲ್ಲಿ ತಯಾರಿಸುತ್ತಾನೆ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಚಿಪ್ಪನ್ನು ತೊಳೆದು, ತಳದಲ್ಲಿ ಕಿಡಿ ಕೊಡುವ ಹೊಸ ಬಿಲ್ಲೆ ಕೂರಿಸಿ, ಅಳತೆಯ ಮದ್ದಿನ ಪುಡಿ ಸುರಿದು, ಮೇಲೆ ಗುಂಡನ್ನು ಒತ್ತಿ ಮುಚ್ಚುವುದು. ಒಂದೇ ಚಿಪ್ಪು ಹತ್ತಾರು ಸಲ ಪುನರ್ಜನ್ಮ ಎತ್ತುತ್ತದೆ. ಸವೆದ ಟಯರಿಗೆ ಹೊಸ ರಬ್ಬರಿನ ರಿಟ್ರೆಡಿಂಗ್ ಮಾಡಿಸಿ ಬಸ್ ಓಡಿಸಿದ ಡಿಪೋದಲ್ಲಿ ಜೀವನ ಕಳೆದ ನನಗೆ ಇದು ಬಹಳ ಹಿಡಿಸಿತು.

ಮೊದಲ ದಿನವೇ ನಾಗೇಶ ಎಚ್ಚರಿಸಿದ. "ಭಾವ, ನೀವಿಬ್ರೂ ವಿಸಿಟರ್ ವೀಸಾದಲ್ಲಿ ಬಂದಿದೀರ. ಗನ್ನು, ಗುಂಡು, ಇಲ್ಲಿರೋ ಯಾವುದನ್ನೂ ಮುಟ್ಟೋ ಹಾಗಿಲ್ಲ. ಕಾನೂನು." ರಿವಾಲ್ವರನ್ನಂತೂ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದ. ಸರೋಜಾ ತಲೆಯಾಡಿಸಿದಳು. "ಮಡಿ ಅನ್ನು, ಅರ್ಥವಾಯ್ತು" ಎಂದಳು. ಮಡಿಯ ವಿಷಯದಲ್ಲಿ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾವು ಅಲ್ಲಿದ್ದಾಗಿನ ಒಂದು ಭಾನುವಾರ ನಾಗೇಶನಿಗೆ ದೊಡ್ಡ ದಿನ. ಲಾಸ್ ಏಂಜಲೀಸಿನ ಕ್ಲಬ್ಬುಗಳ ಮೇಲೆ ಆಡುವ ತಂಡದಲ್ಲಿ ಒಂದೇ ಒಂದು ಜಾಗ ಉಳಿದಿತ್ತು, ಅದನ್ನು ಭಾನುವಾರದ ಪಂದ್ಯದಲ್ಲಿ ಆರಿಸುತ್ತಿದ್ದರು. ಪ್ರತಿ ವರ್ಷವೂ ಕೂದಲೆಳೆಯಲ್ಲಿ ಕಳೆದುಕೊಂಡು ಬಂದವನು, ಈ ವರ್ಷ ಸಿಕ್ಕೇ ಸಿಗುತ್ತದೆ ಎಂದು ನಂಬಿದ್ದ. ಒಂದೇ ತೊಡಕು ಅವನ ಮಣಿಕಟ್ಟು. ಕಂಪ್ಯೂಟರಿನ ಮೌಸು ಹಿಡಿದೂ ಹಿಡಿದೂ ನರ ನೊಂದಿತ್ತು. ರಿವಾಲ್ವರು ಹಿಂದಕ್ಕೆ ಒದ್ದರೆ ಬೆರಳು ಜೋಮು ಹಿಡಿಯುತ್ತಿತ್ತು. ಒಂದು ಜಾತಿಯ ಮದ್ದಿನ ಪುಡಿ ಮಾತ್ರ ಮೆತ್ತಗೆ ತಳ್ಳುತ್ತಿತ್ತಂತೆ. ಕೊರೋನಾ ಬಂದಾಗಿನಿಂದ ಆ ಪುಡಿ ಅಂಗಡಿಗಳಿಂದ ಮಾಯವಾಗಿತ್ತು. ಕೊನೆಯ ಅರ್ಧ ಬಾಟಲಿಯನ್ನು ಅವನು ಈ ಭಾನುವಾರಕ್ಕೆಂದೇ ಕಾಪಾಡಿಕೊಂಡು ಬಂದಿದ್ದ.

ಪಂದ್ಯಕ್ಕೆ ಮುಂಚಿನ ಸೋಮವಾರ ಅವನು ಆಫೀಸಿಗೆ ಹೋದಾಗ ಸರೋಜಾ ಗ್ಯಾರೇಜು ಗುಡಿಸಿದಳು. ಸಂಜೆ ಅವನು ಒಳಗೆ ಹೋದವನೇ ಹೊರಗೆ ಬಂದ.

"ಅಕ್ಕ, ಶೆಲ್ಫ್ ಮೇಲೆ ಒಂದು ಬಾಟ್ಲು ಇತ್ತಲ್ಲ?"

"ಗನ್ನು, ಗುಂಡು ಮುಟ್ಟಿಲ್ಲ ಕಣೋ. ಬಾಟ್ಲು ಒಂದಲ್ಲ, ಎರಡಿತ್ತು. ಎರಡೂ ಅರ್ಧರ್ಧ. ಒಂದೇ ಥರ ಕರೀ ಪುಡಿ, ಸುಮ್ನೆ ಜಾಗ ತಿಂತಿತ್ತು. ಒಂದಕ್ಕೇ ಸುರಿದು ಮುಚ್ಚಿಟ್ಟಿದೀನಿ. ಇನ್ನೊಂದನ್ನ ಸೋಪು ಹಾಕಿ ತೊಳೆದು ಬಿಸಿಲಿಗೆ ಬೋರಲು ಹಾಕಿದೀನಿ. ಒಳ್ಳೇ ಗಟ್ಟಿ ಬಾಟ್ಲು."

ನಮ್ಮ ಹೆಂಗಸರ ಕೈಗೆ ಎರಡು ಅರ್ಧ ಡಬ್ಬಿ ಸಿಕ್ಕರೆ ಅವು ಎರಡಾಗಿಯೇ ಉಳಿಯುವುದುಂಟೇ? ನಮ್ಮ ಅಡುಗೆಮನೆಯಲ್ಲಿ ನಿನ್ನೆಯ ಸಾರಿನ ಪುಡಿಯೂ ಹೋದ ತಿಂಗಳ ಸಾರಿನ ಪುಡಿಯೂ ಹೀಗೆ ಸೇರಿಕೊಂಡು ಸಂಸಾರ ಮಾಡುತ್ತಿವೆ. ಆದರೆ ಮದ್ದಿನ ಪುಡಿಗಳ ಜಾತಿಯೇ ಬೇರೆ. ನೋಡುವುದಕ್ಕೆ ಎಲ್ಲವೂ ಡಸ್ಟ್ ಟೀ. ಒಂದು ಸರ್ರನೆ ಉರಿಯುತ್ತದೆ, ಒಂದು ನಿಧಾನಕ್ಕೆ. ಯಾವುದನ್ನು ಎಷ್ಟು ಹಾಕಬೇಕೆಂದು ತಯಾರಿಸಿದವರೇ ಪುಸ್ತಕ ಮಾಡಿ ಕೊಟ್ಟಿರುತ್ತಾರೆ. ಬೆರೆಸಿದ ಪುಡಿಗೆ ಪುಸ್ತಕವಿಲ್ಲ. ಅದನ್ನು ತುಂಬಿ ಹಾರಿಸಿದರೆ ರಿವಾಲ್ವರಿನ ಜೊತೆ ಕೈಯೂ ಹೋಗಬಹುದು. ನಾಗೇಶ ಅಷ್ಟನ್ನೂ ಹಿತ್ತಲ ಹುಲ್ಲಿನ ಮೇಲೆ ತೆಳ್ಳಗೆ ಚೆಲ್ಲಿ ನೀರು ಬಿಟ್ಟ. ಅಲ್ಲಿ ಅದನ್ನು ವಿಲೇವಾರಿ ಮಾಡುವ ಕ್ರಮವೇ ಹಾಗಂತೆ, ಹುಲ್ಲಿಗೂ ಗೊಬ್ಬರವಂತೆ.

ಸಾಕಿ ಬೆಳೆಸಿದ ಅಕ್ಕನನ್ನು ಬಯ್ಯುವುದು ಹೇಗೆ? ಬಯ್ಯಲಾಗದೆ ಮಾತು ಬಿಟ್ಟ. ಬಿಟ್ಟದ್ದು ಅವಳೊಡನೆ ಮಾತ್ರ, ನನ್ನೊಡನೆ ಅಲ್ಲ.

"ಭಾವ, ಅಕ್ಕನಿಗೆ ಹೇಳಿ, ಇನ್ಮೇಲೆ ಗ್ಯಾರೇಜಿಗೆ ಹೋಗೋದು ಬೇಡ ಅಂತ."

ಅಕ್ಕ ಮೂರು ಅಡಿ ದೂರದಲ್ಲಿ ಉಪ್ಪಿಟ್ಟು ತಿರುವುತ್ತಿದ್ದಳು. "ರೀ, ಅವನಿಗೆ ಹೇಳಿ, ಉಪ್ಪಿಟ್ಟು ಆರಿದ್ರೆ ಚೆನ್ನಾಗಿರಲ್ಲ ಅಂತ."

ನಾನು ಹೇಳಿದೆ. ಇಬ್ಬರಿಗೂ ಹೇಳಿದೆ. ನಿವೃತ್ತನಾದ ಮೇಲೆ ಸಿಕ್ಕ ಮೊದಲ ಕೆಲಸ ಅದು.

ಉತ್ತರದ ಹೈವೇ

ಸ್ಯಾನ್ ಡಿಯಾಗೋದ ಅಂಗಡಿಗಳಿಗೆಲ್ಲ ನಾಗೇಶ ಫೋನು ಮಾಡಿದ. ಎಲ್ಲೂ ಇಲ್ಲ. ಹಳೆಯದನ್ನು ಮರೆತು ಬೇರೆ ಜಾತಿಯ ಪುಡಿಯನ್ನಾದರೂ ಆರಿಸಬೇಕಿತ್ತು. ಪೊಮೊನಾದ ಒಂದು ಅಂಗಡಿಯಲ್ಲಿ ಮಾಲು ಬಂದಿದೆಯೆಂದು ತಿಳಿದು, ಬುಧವಾರ ರಜೆ ಹಾಕಿ ಕಾರು ತೆಗೆದ. ಸರೋಜಾ ತಾನೂ ಬರುತ್ತೇನೆಂದು ಹಟ ಹಿಡಿದಳು.

"ರೀ, ಅವನಿಗೆ ಹೇಳಿ, ಕಳೆದವಳು ನಾನು, ಕೊಡಿಸದೆ ಮನೇಲಿ ಕೂರೋದಿಲ್ಲ ಅಂತ."

ಹೀಗೆ ಹೊರಟೆವು. ಒಂದೊಂದು ದಿಕ್ಕಿಗೂ ಐದಾರು ಸಾಲು ರಸ್ತೆ, ಅಷ್ಟರಲ್ಲೂ ಕಾರು, ಒಂದಾದರೂ ಹಾರನ್ ಹೊಡೆಯಲಿಲ್ಲ. ನನ್ನ ಸೇವಾವಧಿಯಲ್ಲಿ ಹಾರನ್ ಕೆಟ್ಟ ಬಸ್ಸನ್ನು ಡಿಪೋದಿಂದ ಹೊರಗೆ ಬಿಡುತ್ತಲೇ ಇರಲಿಲ್ಲ. ಅಲ್ಲಿಯವರ ಹಾರನ್ ಕೆಲಸ ಮಾಡುತ್ತದೆಯೇ ಎಂದು ಕಾರು ಮಾರುವಾಗಲಾದರೂ ನೋಡುತ್ತಾರೋ ಇಲ್ಲವೋ. ಹೊರಗೂ ಮೌನ, ಕಾರಿನ ಒಳಗೂ ಮೌನ. ನಡುವೆ ನಡುವೆ ನನ್ನ ಮೂಲಕ ಎಸಿ ಕಡಿಮೆಯಾಗುತ್ತಿತ್ತು, ಮತ್ತೆ ಜಾಸ್ತಿಯಾಗುತ್ತಿತ್ತು.

ಪೊಮೊನಾ

ಪೊಮೊನಾದಲ್ಲಿ ದೊಡ್ಡ ವಿಶ್ವವಿದ್ಯಾಲಯವಿದೆಯೆಂದು ಕೇಳಿದ್ದೆ. ನಾವು ಹೋದದ್ದು ಬಟ್ಟೆ ಒಗೆಯುವ ಅಂಗಡಿಗೂ ಡೋನಟ್ ಅಂಗಡಿಗೂ ನಡುವೆ ಇದ್ದ ಒಂದು ಸಣ್ಣ ಅಂಗಡಿಗೆ. ಒಳಗೆ ಗಲ್ಲಾಪೆಟ್ಟಿಗೆಯ ಪಕ್ಕ ಬೆಕ್ಕೊಂದು ಮಲಗಿತ್ತು. ತೋಳಿನ ತುಂಬ ಹಚ್ಚೆ, ನೆತ್ತಿಯ ಮೇಲೆ ಕನ್ನಡಕ ಇದ್ದ ಹೆಂಗಸು ಯಜಮಾನಿ. ಬಂದವರನ್ನೆಲ್ಲ ಅವಳು "ಹನಿ" ಎಂದೇ ಕರೆಯುತ್ತಿದ್ದಳು.

"ನಮ್ಮ ಹುಡುಗನ್ನ ಏನು ಹಾಗೆ ಕರೀತಾಳೆ ರೀ?" ಎಂದು ಸರೋಜಾ ಕಿವಿಯಲ್ಲಿ ಕೇಳಿದಳು.

"ನನ್ನನ್ನೂ ಕರೆದಳು" ಎಂದೆ. ಅದು ಸಮಾಧಾನದ ಮಾತಾಗಲಿಲ್ಲ.

ಹಳೆಯ ಪುಡಿ ಏನಾಯಿತೆಂದು ಯಜಮಾನಿ ನಾಗೇಶನನ್ನು ಕೇಳಿದಳು. ಅವನು ತಗ್ಗಿದ ದನಿಯಲ್ಲಿ ಹೇಳಿದ. ಕೇಳಿದವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. ಹಿಂದೆ ನಿಂತಿದ್ದ ಗಿರಾಕಿಯೊಬ್ಬ ತಲೆಯ ಟೋಪಿ ತೆಗೆದ. ಸಾವಿನ ಮನೆಗೆ ಬಂದವರ ಹಾಗೆ ಎಲ್ಲರೂ ಸರೋಜಾಳ ಕಡೆ ತಿರುಗಿ ನೋಡಿದರು.

"ಏನಂದ ರೀ?"

"ಏನಿಲ್ಲ, ನಿನ್ನ ಪರಿಚಯ ಮಾಡಿಕೊಟ್ಟ."

ಅವಳು ಎಲ್ಲರಿಗೂ ಕೈಮುಗಿದಳು. ಟೋಪಿ ತೆಗೆದವನು ಪಾಪ, ಅವನೂ ಕೈಮುಗಿದ.

ನಾಗೇಶನ ತೋಟಾಗೆ ಹೊಂದುವ ಮೂರು ಜಾತಿಯ ಪುಡಿಗಳನ್ನು ಯಜಮಾನಿ ಮುಂದಿಟ್ಟಳು. ಮೊದಲನೆಯದು ಭಾರಿ ಮಸಿ ಬಿಡುತ್ತದೆ, ಅದನ್ನು ಹಾರಿಸಿದವನು ಮನೆಗೆ ಬಂದಾಗ ಒಲೆ ಊದಿದವನ ಹಾಗೆ ಕಾಣುತ್ತಾನಂತೆ. ಆದರೆ ವರ್ಷಗಳಿಂದ ಎಲ್ಲರೂ ನಂಬಿದ್ದು. ಎರಡನೆಯದು ಬಲು ಶುಭ್ರ, ಬಲು ಖಾರ. ಚಿಟಿಕೆಯಷ್ಟು ಸಾಕು. ಅದೇ ಅದರ ಅಪಾಯ, ಚಿಪ್ಪಿನ ತಳದಲ್ಲಿ ಎಲ್ಲೋ ಕೂತುಬಿಡುತ್ತದೆ, ಮರೆತು ಎರಡು ಸಲ ಸುರಿದರೂ ಕಣ್ಣಿಗೆ ಕಾಣುವುದಿಲ್ಲ. ಮೂರನೆಯದು ಅವಲಕ್ಕಿಯ ಹಾಗೆ ಹಗುರ. ಅಳತೆಯಷ್ಟು ಸುರಿದರೆ ಚಿಪ್ಪು ಮುಕ್ಕಾಲು ತುಂಬುತ್ತದೆ, ಎರಡನೇ ಸಲ ಸುರಿದರೆ ಹೊರಗೆ ಚೆಲ್ಲುತ್ತದೆ. ಮೆತ್ತಗೂ ತಳ್ಳುತ್ತದಂತೆ. ಆದರೆ ನಾಗೇಶ ಅದನ್ನು ಒಮ್ಮೆಯೂ ಬಳಸಿರಲಿಲ್ಲ, ಪಂದ್ಯಕ್ಕೆ ಉಳಿದಿದ್ದದ್ದು ಕೆಲವೇ ದಿನ.

ಅವನು ಮೂರನ್ನೂ ಒಂದೊಂದಾಗಿ ಎತ್ತಿ ಇಳಿಸಿದ. ಮಣಿಕಟ್ಟು ನೀವಿಕೊಂಡ. ಫೋನಿನಲ್ಲಿ ಏನೇನೋ ಓದಿದ. ಸರೋಜಾಳಿಗೆ ತಡೆಯಲಾಗಲಿಲ್ಲ.

"ರೀ, ಮುಚ್ಚಳ ತೆಗೆದು ಸ್ವಲ್ಪ ಅಂಗೈಗೆ ಹಾಕೋಕೆ ಹೇಳಿ. ನೋಡದೆ, ಮೂಸದೆ ಯಾರಾದ್ರೂ ಪುಡಿ ತಗೋತಾರಾ?"

ಸೀಲು ಒಡೆಯುವ ಹಾಗಿಲ್ಲ ಎಂದು ನಾಗೇಶ ನನಗೆ ಹೇಳಿದ, ನಾನು ಅವಳಿಗೆ ಹೇಳಿದೆ.

"ಹಾಗಿದ್ರೆ ಮೂರನ್ನೂ ತಗೊಳ್ಳಲಿ. ಮನೇಲಿ ನೋಡಿಕೊಂಡ್ರಾಯ್ತು."

ಅದೂ ಆಗುವ ಹಾಗಿರಲಿಲ್ಲ. ಮಾಲಿನ ಅಭಾವದಿಂದ ತಲೆಗೊಂದೇ ಬಾಟಲಿ ಎಂದು ಅಂಗಡಿಯವರು ಬರೆದು ಅಂಟಿಸಿದ್ದರು. ಸರೋಜಾಳ ಮುಖ ಅರಳಿತು. ನ್ಯಾಯಬೆಲೆ ಅಂಗಡಿಯ ಕ್ಯೂನಲ್ಲಿ ನಿಂತು ಪಳಗಿದವಳು ಅವಳು. ನನ್ನ ತೋಳು ಹಿಡಿದು ಸಾಲಿನಲ್ಲಿ ನಿಲ್ಲಿಸಿ, ತಾನೂ ನಿಂತಳು. "ಮೂರು ತಲೆ ಇದೆಯಲ್ಲ, ಮೂರು ಕೊಡಲಿ."

ನಾಗೇಶ ಗಾಬರಿಯಾಗಿ ನಮ್ಮಿಬ್ಬರನ್ನೂ ಸಾಲಿನಿಂದ ಎಳೆದ. "ಭಾವ, ದಯವಿಟ್ಟು! ವಿಸಿಟರ್ ವೀಸಾ ಅಂತ ಹೇಳಿದ್ನಲ್ಲ. ನಿಮ್ಮ ತಲೆ ಇಲ್ಲಿ ಲೆಕ್ಕಕ್ಕಿಲ್ಲ."

ನನ್ನ ತಲೆಯ ಬಗ್ಗೆ ಈ ಮಾತನ್ನು ಮನೆಯಲ್ಲಿ ಕೇಳಿದ್ದೆ, ಹೊರದೇಶದಲ್ಲಿ ಅದೇ ಮೊದಲು. ಕೊನೆಗೆ ನಾಗೇಶ ಅವಲಕ್ಕಿಯಂಥ ಪುಡಿಯನ್ನೇ ಆರಿಸಿದ. "ಟೆನ್ಷನ್‌ನಲ್ಲಿ ಲೋಡ್ ಮಾಡ್ತಿದೀನಿ ಭಾವ. ತಪ್ಪು ಮಾಡಿದ್ರೆ ಕಣ್ಣಿಗೆ ಕಾಣೋ ಪುಡಿ ಇರ್ಲಿ" ಎಂದ. ಆರಿಸಿದವನ ಮುಖದಲ್ಲಿ ಮಾತ್ರ ನೆಮ್ಮದಿ ಇರಲಿಲ್ಲ.

ಸ್ಯಾನ್ ಪೀಡ್ರೊ

ಕಾರು ಹತ್ತುವಷ್ಟರಲ್ಲಿ ಅವನಿಗೆ ಫೋನು ಬಂತು. ಕ್ಲಬ್ಬಿನ ಪಂದ್ಯಗಳಲ್ಲಿ ತೀರ್ಪುಗಾರನಾಗಿ ನಿಲ್ಲುವ ವಾಲ್ಟರ್ ಎಂಬ ಹಿರಿಯ, ಬಂದರಿನಲ್ಲಿ ಕ್ರೇನು ನಡೆಸಿ ನಿವೃತ್ತನಾದವನು, ಸ್ಯಾನ್ ಪೀಡ್ರೊದ ತನ್ನ ಮನೆಯಿಂದ ಕರೆದಿದ್ದ. ಅವನ ಹತ್ತಿರ ನಾಗೇಶನ ಹಳೆಯ ಪುಡಿಯ ಅರ್ಧ ಬಾಟಲಿ ಇದೆಯಂತೆ! ನಾಗೇಶ ಸ್ಟಿಯರಿಂಗ್ ಮೇಲೆ ತಾಳ ಹಾಕಿದ. ಹಿಂದಿನ ಸೀಟಿನಲ್ಲಿ ಸರೋಜಾ ಯಾವುದೋ ದೇವರಿಗೆ ತೆಂಗಿನಕಾಯಿ ಹರಸಿಕೊಂಡಳು.

ವಾಲ್ಟರನ ಮನೆ ಇಳಿಜಾರಿನ ಮೇಲಿದೆ. ಅಂಗಳದಲ್ಲಿ ನಿಂತರೆ ಬಂದರಿನ ಕ್ರೇನುಗಳು ಕಾಣುತ್ತವೆ. ಅವನು ಮೊಟ್ಟೆ ಇಡುವ ರಟ್ಟಿನ ತಟ್ಟೆಗಳಲ್ಲಿ ಹಿತ್ತಾಳೆಯ ಚಿಪ್ಪುಗಳನ್ನು ಜೋಡಿಸುತ್ತ ಕೂತಿದ್ದ. ನಾನು ಬಸ್ಸಿನವನೆಂದು ತಿಳಿದದ್ದೇ ತಡ, ಬಸ್ಸಿಗೂ ಲಾರಿಗೂ ಕ್ಲಚ್ಚಿನಲ್ಲಿ ಏನು ವ್ಯತ್ಯಾಸವೆಂದು ಶುರುಮಾಡಿದ. ಸರೋಜಾ ಕೋಡುಬಳೆಯ ಪೊಟ್ಟಣ ಬಿಚ್ಚಿ ಕೊಟ್ಟಳು. ಒಂದನ್ನು ಬೆರಳಿಗೆ ತೊಡಿಸಿಕೊಂಡು ನೋಡಿ, ಆಮೇಲೆ ಕಡಿದ. ಕಡಿದವನು ಪೊಟ್ಟಣವನ್ನು ತನ್ನ ಕಡೆಗೆ ಎಳೆದುಕೊಂಡ.

ಆಮೇಲೆ ಒಳಗಿನಿಂದ ಬಾಟಲಿ ತಂದ. ನಾಗೇಶ ಎರಡೂ ಕೈಯಲ್ಲಿ ಹಿಡಿದು, ಮುಚ್ಚಳ ತೆಗೆದು, ಬಿಸಿಲಿಗೆ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಮುಚ್ಚಳ ಹಾಕಿ ವಾಪಸು ಕೊಟ್ಟ.

"ಯಾಕೋ!" ಎಂದು ಸರೋಜಾಳ ಬಾಯಿಂದ ಬಂದೇಬಿಟ್ಟಿತು. ತಕ್ಷಣ ನೆನಪಾಗಿ ನನ್ನ ಕಡೆ ತಿರುಗಿದಳು. "ಯಾಕೆ ಅಂತ ಕೇಳಿ ರೀ! ಅವರಾಗೇ ಪ್ರೀತಿಯಿಂದ ಕೊಡ್ತಿದಾರೆ."

"ಭಾವ, ಅದು ತೆರೆದ ಬಾಟ್ಲು. ಮೇಲೆ ಹೆಸರಿದೆ, ಒಳಗೆ ಅದೇ ಇದೆ ಅಂತ ಹೇಗೆ ಹೇಳೋದು? ಇನ್ನೊಬ್ಬರು ತೆರೆದಿರೋ ಪುಡಿ ಯಾರೂ ತಗೊಳಲ್ಲ. ಅವರು ಎಷ್ಟೇ ಒಳ್ಳೆಯವರಾಗಿರ್ಲಿ."

ಇಂಗ್ಲಿಷಿನಲ್ಲಿ ಅದನ್ನೇ ಅಳುಕುತ್ತ ವಾಲ್ಟರನಿಗೆ ಹೇಳಿದ. ವಾಲ್ಟರ್ ಬೇಸರ ಮಾಡಿಕೊಳ್ಳಲಿಲ್ಲ, ತಲೆ ಕೆರೆದುಕೊಂಡ. ನಿನ್ನ ಜಾಗದಲ್ಲಿ ನಾನಿದ್ದರೂ ಮುಟ್ಟುತ್ತಿರಲಿಲ್ಲ ಎಂದ. ಲಾಕ್‌ಡೌನಿನಲ್ಲಿ ಮನೆ ಜೋಡಿಸುವಾಗ ಅದಕ್ಕೆ ಬೇರೇನಾದರೂ ಸುರಿದೆನೋ ಎಂಬ ಸಂಶಯ ಅವನಿಗೂ ಇತ್ತಂತೆ. ಎಸೆಯಲು ಮನಸ್ಸು ಬಾರದೆ ಇಟ್ಟುಕೊಂಡಿದ್ದನಂತೆ. ಹಾಗಿದ್ದರೆ ನಮ್ಮನ್ನು ಇಷ್ಟು ದೂರ ಯಾಕೆ ಕರೆಸಿದೆ ಮಾರಾಯ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಖಾಲಿಯಾದ ಕೋಡುಬಳೆ ಪೊಟ್ಟಣವನ್ನು ಅವನು ಮಡಿಸುತ್ತಿದ್ದ ರೀತಿ ನೋಡಿದರೆ, ಮನೆಗೆ ನಾಲ್ಕು ಜನ ಬರಲಿ ಎಂಬ ಆಸೆಯೂ ಇದ್ದ ಹಾಗೆ ಕಂಡಿತು.

ವಾಪಸು ಬರುವ ದಾರಿಯಲ್ಲಿ ಬಲಗಡೆ ಸಮುದ್ರ ಬಂತು, ಹೋಯಿತು. ಸರೋಜಾ ನೋಡಲಿಲ್ಲ.

"ಹುಡುಕಿಕೊಂಡು ಹೋದದ್ದೇ ಕೈಗೆ ಸಿಕ್ಕಿ, ಅದನ್ನ ಬಿಟ್ಟು ಬಂದ ಅಂದ್ರೆ, ನಾನು ಮಾಡಿದ್ದು ಅಷ್ಟು ದೊಡ್ಡದಾ ರೀ?" ಎಂದು ಮೆಲ್ಲಗೆ ಕೇಳಿದಳು. ಅವನಿಗೆ ಹೇಳಿ ಎನ್ನಲಿಲ್ಲ. ನನಗೇ ಕೇಳಿದಳು, ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳನ್ನು ನೋಡಿ ನನಗೆ ಅಯ್ಯೋ ಎನ್ನಿಸಿತು, ನಾಗೇಶನ ಮೇಲೆ ಸಿಟ್ಟೂ ಬಂತು. ಅಷ್ಟು ಹಟದ ಮೌನವನ್ನು ಅವನು ಯಾರಿಂದ ಕಲಿತನೆಂದು ಯೋಚಿಸಿದರೆ, ಅದೂ ಅವಳಿಂದಲೇ.

ಮತ್ತೆ ಮೀರಾ ಮೆಸಾ

ಹೊಸ ಪುಡಿಯೊಡನೆ ನಾಗೇಶ ಹೊಸ ಸೊಸೆಯೊಡನೆ ನಡೆದುಕೊಳ್ಳುವಷ್ಟು ಎಚ್ಚರದಿಂದ ನಡೆದುಕೊಂಡ. ಮೇಜಿನ ಮೇಲೆ ಅದೊಂದೇ ಬಾಟಲಿ. ಪುಸ್ತಕದಲ್ಲಿದ್ದ ಅತಿ ಕಡಿಮೆ ಅಳತೆಯಿಂದ ಶುರು. ಶುಕ್ರವಾರ ಬೆಟ್ಟಕ್ಕೆ ಹೋಗಿ ಹಾರಿಸಿ ನೋಡಿ ಬಂದ. "ಹೇಗಿದೆ?" ಎಂದೆ. ಹೊಗೆ ಸ್ವಲ್ಪ ಜಾಸ್ತಿ, ಗುಂಡು ಸ್ವಲ್ಪ ಕೆಳಗೆ ಬೀಳುತ್ತದೆ, ಆದರೆ ಕೈ ನೋಯಲಿಲ್ಲ ಎಂದ. ಹಲವು ದಿನಗಳ ಮೇಲೆ ಅವನ ಹಲ್ಲು ಕಂಡಿತು.

ಶನಿವಾರ ಸಂಜೆ ಪಂದ್ಯದ ತೋಟಾಗಳನ್ನು ತುಂಬಲು ಕೂತ. ಚಿಪ್ಪುಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಪುಡಿ ಹಾಕಿ, ಟಾರ್ಚು ಬಿಟ್ಟು ಒಳಗೆ ಇಣುಕಿ, ಆಮೇಲೆ ಗುಂಡು ಕೂರಿಸುವುದು. ಸರೋಜಾ ಅಡುಗೆಮನೆಯ ಬಾಗಿಲಲ್ಲೇ, ಹೊಸಿಲು ದಾಟದೆ, ಸ್ಟೂಲು ಹಾಕಿಕೊಂಡು ಕೂತಳು. ನಾನು ಅವಳ ಪಕ್ಕ. ಅವಳು ನನಗೆ ಹೇಳುವ ಹಾಗೆ, ಅವನಿಗೆ ಕೇಳುವ ಹಾಗೆ ಶುರುಮಾಡಿದಳು.

"ನಿಮಗೆ ಗೊತ್ತಾ ರೀ, ಇವನಿಗೆ ದೀಪಾವಳಿ ಪಟಾಕಿ ಅಂದ್ರೆ ಪ್ರಾಣ ಹೋಗ್ತಿತ್ತು. ನನ್ನ ಲಂಗದೊಳಗೆ ತಲೆ ಇಟ್ಕೊಂಡು ಬೀದಿ ತುಂಬ ನನ್ನ ಜೊತೇಲೇ ನಡೀತಿದ್ದ. ನಾಲ್ಕು ಕಾಲಿನ ಹುಡುಗಿ ಅಂತ ಎಲ್ರೂ ನಗ್ತಿದ್ರು. ಆನೆ ಪಟಾಕಿಗೆ ಒಂದ್ಸಲ ನನ್ನ ಕಾಲೇ ಕಚ್ಚಿಬಿಟ್ಟಿದ್ದ. ಈಗ ನೋಡಿ, ಮನೆಯಲ್ಲೇ ಪಟಾಕಿ ಕಾರ್ಖಾನೆ!"

ನಾಗೇಶ ನಮಗೆ ಬೆನ್ನು ಮಾಡಿ ಕೂತಿದ್ದ. ಕೈ ನಿಂತಿತು. ಭುಜ ಎರಡು ಸಲ ಕುಲುಕಿತು. ಆಮೇಲೆ ಮುಂದಿನ ಚಿಪ್ಪಿನಿಂದ ಮತ್ತೆ ಕೆಲಸ ಶುರುವಾಯಿತು. ಸರೋಜಾ ಸ್ಟೂಲು ಎತ್ತಿಕೊಂಡು ಒಳಗೆ ಹೋದಳು.

ಬೆಟ್ಟದ ಮೇಲೆ

ಪೂರ್ವದ ಬೆಟ್ಟಗಳು ನಮ್ಮ ಪಾವಗಡದ ಕಡೆಯವೇ ಅನ್ನಿಸುವಂಥವು. ಬಂಡೆ, ಒಣಹುಲ್ಲು, ಬಿಸಿಲು. ನೋಡುವವರಿಗೆ ಹಿಂದುಗಡೆ ಬೆಂಚು, ಕಿವಿಗೆ ಸದ್ದು ತಡೆಯುವ ದಪ್ಪನೆಯ ಮಫ್. ಅಲ್ಲಿಯ ಜನ ಎಷ್ಟು ಸಭ್ಯರೆಂದರೆ, ಒಬ್ಬ ಗುಂಡು ಹಾರಿಸಿ ಮುಗಿಸಿದ ಮೇಲೆ ಇನ್ನೊಬ್ಬ ಬಂದು ಬೆನ್ನು ತಟ್ಟಿ ಚಿಪ್ಪುಗಳನ್ನು ಆರಿಸಿಕೊಡುತ್ತಾನೆ. ಕೊನೆಯ ಜಾಗಕ್ಕೆ ನಾಗೇಶನಿಗೆ ಎದುರಾಳಿಯಾಗಿ ನಿಂತದ್ದು ಶಿಶುವಿಹಾರದಲ್ಲಿ ಪಾಠ ಹೇಳಿ ನಿವೃತ್ತಳಾದ ಒಬ್ಬ ಅಜ್ಜಿ. ಅವಳು ಗುರಿಗೆ ಹೊಡೆಯುವ ಮುಂಚೆ ಅದನ್ನು ಮೆಲ್ಲಗೆ ಗದರುತ್ತಿದ್ದಳು.

ನಾಗೇಶ ಚೆನ್ನಾಗಿ ಆಡಿದ. ಹೊಗೆಯಲ್ಲಿ ಅವನ ಮುಖ ಆಗಾಗ ಕಾಣೆಯಾಗುತ್ತಿತ್ತು, ಅಂಕಗಳು ಮಾತ್ರ ಏರುತ್ತಿದ್ದವು. ಕೊನೆಯ ಸುತ್ತಿಗೆ ಬಂದಾಗ ಅವನು ಅಜ್ಜಿಗಿಂತ ಮುಂದಿದ್ದ. ಸರೋಜಾ ನನ್ನ ಕೈ ಹಿಚುಕುತ್ತಿದ್ದಳು. ಢಂ. ಢಂ. ಆಮೇಲೆ, ಬಾಗಿಲಿನ ಚಿಲಕ ಬಿದ್ದಷ್ಟು ಸಣ್ಣ, "ಟಪ್."

ನಾಗೇಶ ಕಲ್ಲಾಗಿ ನಿಂತ. ರಿವಾಲ್ವರು ಗುರಿಯ ಕಡೆಗೇ ಇತ್ತು, ಬೆರಳು ಟ್ರಿಗರಿನಿಂದ ಹೊರಗೆ ಬಂದಿತ್ತು, ತೀರ್ಪುಗಾರನನ್ನು ಕರೆಯಲು ಎಡಗೈ ಮೇಲೆ ಹೋಗಿತ್ತು. ಗಡಿಯಾರ ಓಡುತ್ತಿತ್ತು. ವಾಲ್ಟರ್ ಹತ್ತಿರ ಹೋಗಿ ನೋಡಿ ತಲೆಯಾಡಿಸಿದ. ತೋಟಾದಲ್ಲಿ ಪುಡಿಯೇ ಇರಲಿಲ್ಲ. ಬಿಲ್ಲೆಯ ಕಿಡಿಯೊಂದೇ ಗುಂಡನ್ನು ತಳ್ಳಿ, ಅದು ನಳಿಗೆಯ ನಡುವೆ ಸಿಕ್ಕಿಕೊಂಡಿತ್ತು. ಅಲ್ಲಿಗೆ ಅವನ ಆಟ ಮುಗಿಯಿತು. ಅಜ್ಜಿ ಗುರಿಯನ್ನು ಗದರಿ, ತನ್ನ ಸುತ್ತು ಮುಗಿಸಿ, ಜಾಗ ಗೆದ್ದುಕೊಂಡಳು.

ವಾಲ್ಟರ್ ನಮ್ಮ ಬೆಂಚಿಗೆ ಬಂದು ಮೆಚ್ಚುಗೆಯಿಂದ ವಿವರಿಸಿದ. ಗೆಲ್ಲುವ ಆತುರದಲ್ಲಿ ಎಷ್ಟೋ ಜನ ಆ ಸದ್ದನ್ನು ಗಮನಿಸದೆ ಮತ್ತೊಮ್ಮೆ ಒತ್ತಿಬಿಡುತ್ತಾರಂತೆ. ಒತ್ತಿದ್ದರೆ ಹಿಂದಿನ ಗುಂಡು ಮುಂದಿನದಕ್ಕೆ ಬಡಿದು ನಳಿಗೆ ಕೈಯಲ್ಲೇ ಸಿಡಿಯುತ್ತಿತ್ತಂತೆ. ನಾನು ಸರೋಜಾಳಿಗೆ ಕನ್ನಡದಲ್ಲಿ ಹೇಳಿದೆ. ಪೂರ್ತಿ ಹೇಳಿ ಮುಗಿಸುವ ಮೊದಲೇ ಅವಳು ಎದ್ದಿದ್ದಳು.

ನಾಗೇಶ ರಿವಾಲ್ವರನ್ನು ಒಪ್ಪಿಸಿ ತಲೆ ತಗ್ಗಿಸಿಕೊಂಡು ಬರುತ್ತಿದ್ದ. ಅವಳು ಅವನ ಬಲಗೈಯನ್ನು ಹಿಡಿದು, ಆಗತಾನೆ ಹುಟ್ಟಿದ ಮಗುವಿನ ಕೈ ನೋಡುವ ಹಾಗೆ, ಒಂದೊಂದು ಬೆರಳನ್ನೂ ಬಿಡಿಸಿ ನೋಡಿದಳು. ಮಸಿ ಹಿಡಿದಿತ್ತು, ಎಲ್ಲವೂ ಇದ್ದವು.

"ಅಕ್ಕ" ಎಂದ ನಾಗೇಶ. "ಒಂದಕ್ಕೆ ನಾನೇ ಪುಡಿ ಹಾಕಿಲ್ಲ. ಎಲ್ಲಾ ನೋಡ್ದೆ ಅನ್ಕೊಂಡೆ. ನೋಡಿರ್ಲಿಲ್ಲ. ನಿನ್ನನ್ನ ಮಾತಾಡಿಸದೆ ಸಾಯಿಸಿದೆ, ನಾನು ಮಾಡಿದ್ದೇನು ನೋಡು."

ಸರೋಜಾ ಅವನ ಕೈ ಬಿಡಲಿಲ್ಲ. ಮುಖ ಮಾತ್ರ ನನ್ನ ಕಡೆ ತಿರುಗಿಸಿದಳು. "ರೀ, ಅವನಿಗೆ ಹೇಳಿ, ಟೀಮು ಹೋದ್ರೆ ಹೋಗ್ಲಿ, ಕೈ ಇದೆಯಲ್ಲ ಅಂತ."

"ಭಾವ, ಅಕ್ಕನಿಗೆ ಹೇಳಿ, ಅಳಬೇಡ ಅಂತ."

ಇಬ್ಬರೂ ಕಣ್ಣು ತುಂಬಿಕೊಂಡು ನನ್ನ ಬಾಯನ್ನೇ ನೋಡುತ್ತ ನಿಂತರು. ನಾನು ಮಫ್ ಎತ್ತಿ ಎರಡೂ ಕಿವಿಗೆ ಬಿಗಿಯಾಗಿ ಹಾಕಿಕೊಂಡು ಬೆಂಚಿನ ಮೇಲೆ ಕೂತುಬಿಟ್ಟೆ. ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ ಇಬ್ಬರ ಬಾಯಿಯೂ ಆಡತೊಡಗಿತು. ಏನು ಮಾತಾಡಿಕೊಂಡರೋ, ನನಗೆ ಒಂದಕ್ಷರವೂ ಕೇಳಿಸಲಿಲ್ಲ.